ಪ್ಲಾಸ್ಟಿಕ್ ಹಿಮದ ಮೇಲೊಬ್ಬ ಕರ್ಕೇರ

ರಜೆಯ ಶುಕ್ರವಾರ ಬೆಳಿಗ್ಗೆ ಸುಶಾಂತ್ ಕರ್ಕೇರ ಇರಬೇಕಾದದ್ದು ಅಬುಧಾಬಿಯ ಖಲೀಫಾ ಸಿಟಿಯ ಒಂದು ವಿಲ್ಲಾದ ಹಿಂಬದಿ ಕೋಣೆಯಲ್ಲಿ, ಹೆಂಡತಿ ದೀಪ್ತಿ ಕಾವಲಿಯ ಮೇಲೆ ನೀರುದೋಸೆ ಹುಯ್ಯುವ ಚುಂಯ್ ಸದ್ದು ಕೇಳುತ್ತ, ಮಗಳು ಎದೆಯ ಮೇಲೆ ಹತ್ತಿ ಕೂತರೂ ಕಣ್ಣು ತೆರೆಯದೆ ಸುಳ್ಳು ಗೊರಕೆ ಹೊಡೆಯುತ್ತ. ಅವನು ಇದ್ದದ್ದು ಅಲ್ಲಿಂದ ಗಂಟೆಗಟ್ಟಲೆ ದೂರದ ಮರುಭೂಮಿ ಪೇಟೆ ಮದೀನತ್ ಜಾಯೆದ್‌ನಿಂದ ಆಚೆ, ಮರಳು ದಿಣ್ಣೆಗಳ ನಡುವೆ ಕಂಪೆನಿ ತೋಡಿಸಿದ ಕೆರೆಯ ದಂಡೆಯಲ್ಲಿ, ಕೈಯಲ್ಲಿ ಒಂದು ಮೊಳವೂ ಇಲ್ಲದ ಗಾಳದ ಕೋಲು ಹಿಡಿದ ಸಾಹೇಬರೊಬ್ಬರ ಹಿಂದೆ. ಕೆರೆ ಅನ್ನುವುದೂ ಗೌರವಕ್ಕೆ. ಹೆದ್ದಾರಿಯ ಉದ್ದಕ್ಕೂ ನೆಟ್ಟ ಗಿಡಗಳಿಗೆ ನೀರು ಬಿಡುವ ಗುತ್ತಿಗೆ ಕಂಪೆನಿಯದು, ಆ ನೀರು ನಿಲ್ಲುವ ಹೊಂಡ ಇದು. ನಾಲ್ಕು ಮೂಲೆ, ಅಡಿಗೆ ಕರಿ ಹಾಳೆ, ಎಲ್ಲಿ ಇಳಿದರೂ ಒಂದೇ ಆಳ, ಒಂದು ಕಲ್ಲಿಲ್ಲ, ಒಂದು ಕಳೆಯಿಲ್ಲ. ಬಿಸಿಲು ನೀರನ್ನು ಕುಡಿದುಬಿಡುತ್ತದೆಂದು ಹೋದ ವರ್ಷ ಅದರ ಮೈತುಂಬ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಒಂದಕ್ಕೊಂದು ಕೊಂಡಿ ಸಿಕ್ಕಿಸಿ ತೇಲಿಬಿಟ್ಟಿದ್ದರು. ಮೇಲೆ ಜನ ನಡೆಯಬಹುದು. ಒಳಗೆ ಇಣುಕಲು ಅಲ್ಲಲ್ಲಿ ಮುಚ್ಚಳ. ಜನವರಿಯ ಮಂಜು ಅದರ ಮೇಲೆ ಕವುಚಿಕೊಂಡಾಗ ಬಿಳುಪು ಎಲ್ಲಿ ಮುಗಿಯಿತು, ಬಾನು ಎಲ್ಲಿ ಶುರುವಾಯಿತು ಅಂತ ಹೇಳುವುದಕ್ಕೆ ಆಗುತ್ತಿರಲಿಲ್ಲ. ಈ ಬಿಳುಪೇ ಅಲೆಕ್ಸಾಂಡರ್ ಸಾಹೇಬರ ತಲೆ ಕೆಡಿಸಿದ್ದು.

ಅಲೆಕ್ಸಾಂಡರ್ ಎಂದರೆ ಕೆನಡಾದಿಂದ ಬಂದ ಜನರಲ್ ಮ್ಯಾನೇಜರ್, ಒಳ್ಳೆಯ ಮನುಷ್ಯ, ಒಳ್ಳೆಯ ಮನುಷ್ಯರಿಗೆ ಇರುವ ಎಲ್ಲ ಹಟಗಳೂ ಇದ್ದವರು. ಅವರ ಊರಿನಲ್ಲಿ ಇಂಥದ್ದೇ ಚಪ್ಪಟೆ ಜಲಾಶಯವಂತೆ, ಚಳಿಗಾಲದಲ್ಲಿ ಕಲ್ಲಾಗುತ್ತದಂತೆ, ಅಪ್ಪನ ಜತೆ ಹಿಮದ ಮೇಲೆ ನಡೆದುಹೋಗಿ ಬೈರಿಗೆಯಲ್ಲಿ ತೂತು ಕೊರೆದು ಪರ್ಚ್ ಎಂಬ ಮೀನು ಹಿಡಿಯುತ್ತಿದ್ದರಂತೆ. ಗುರುತಿಗೆ ಏನೂ ಇರುವುದಿಲ್ಲ, ಮರವಿಲ್ಲ, ಬಂಡೆಯಿಲ್ಲ; ಕೊರೆಯಬೇಕು, ಕಾಯಬೇಕು, ಸಿಗದಿದ್ದರೆ ಎದ್ದು ಇನ್ನೊಂದು ಕಡೆ ಕೊರೆಯಬೇಕು; ಒಂದು ಸಿಕ್ಕಿತೋ, ಕೆಳಗೆ ಅದರ ಇಡೀ ಬಳಗವೇ ಇದೆ ಅಂತ ಅರ್ಥ. ಈ ಕಥೆಯನ್ನು ಅವರು ಮೀಟಿಂಗಿನಲ್ಲಿ ಎಷ್ಟು ಸಲ ಹೇಳಿದ್ದರೆಂದರೆ ಸುಶಾಂತ್ ಅದನ್ನು ಅವರ ಮೂಗಿನ ಸ್ವರದಲ್ಲೇ, ಹಿಮದಲ್ಲಿ ಬೂಟು ಕೀಚುವ ಸದ್ದಿನ ಸಮೇತ, ಕ್ಯಾಂಪಿನ ರೂಮಿನಲ್ಲಿ ಮಾಡಿ ತೋರಿಸಿ ಚಪಾತಿ ಲಟ್ಟಿಸುತ್ತಿದ್ದವರನ್ನು ನೆಲಕ್ಕೆ ಉರುಳಿಸಿದ್ದ. ಸೊಳ್ಳೆಮರಿ ತಿನ್ನಲಿ ಅಂತ ಯಾರೋ ಈ ಹೊಂಡಕ್ಕೆ ಬಿಟ್ಟ ಜಿಲೇಬಿ ಮೀನು ಈಗ ಸಂಸಾರ ಬೆಳೆಸಿಕೊಂಡಿದೆ ಅಂತ ಗೊತ್ತಾದ ದಿನ ಸಾಹೇಬರ ಕಣ್ಣು ತುಂಬಿ ಬಂದದ್ದು ಮಾತ್ರ ಅವನಿಗೆ ಮಿಮಿಕ್ರಿಯಲ್ಲಿ ಹಿಡಿಯುವುದಕ್ಕೆ ಆಗಿರಲಿಲ್ಲ. ಅವರು ಅದಕ್ಕೆ ಪರ್ಚ್ ಎಂದೇ ಹೆಸರಿಟ್ಟರು. ಯಾರೂ ತಿದ್ದಲಿಲ್ಲ. ಸಂಬಳ ಕೊಡುವವರು ಇಟ್ಟ ಹೆಸರನ್ನು ಮೀನು ಕೂಡ ತಿದ್ದುವುದಿಲ್ಲ.

"ಹೇಳು ಮಾರಾಯ, ಯಾವ ಮುಚ್ಚಳ ತೆಗೆಸುವ?" ಎಂದರು ಗುಣಪಾಲ ಹೆಗ್ಡೆ, ಕೆರೆಗೆ ಬೆನ್ನು ಹಾಕಿ ನಿಂತು.

ಬೆನ್ನು ಹಾಕಿದ್ದಕ್ಕೆ ಕಾರಣವಿತ್ತು. ಗುಣಪಾಲರು ಜೈನರು, ಹಿಡಿಯುವುದನ್ನು ನೋಡಿದರೂ ಒಂದಿಷ್ಟು ಅಂಟಿಕೊಳ್ಳುತ್ತದೆ ಅಂತ ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಆದ್ದರಿಂದ ನೋಡದೆಯೇ ಹಿಡಿಸುವ ಏರ್ಪಾಡು. ಗುಣ ಅವರದು, ಪಾಲು ನಮ್ಮದು ಅಂತ ಸುಶಾಂತ್ ಒಮ್ಮೆ ಹೇಳಿದ್ದು ಹೇಗೋ ಅವರ ಕಿವಿಗೂ ಬಿದ್ದು, ಅವರು ನಕ್ಕಿದ್ದರು. ಆ ನಗೆಯ ಬಿಲ್ಲು ಇನ್ನೂ ಬರಬೇಕಾಗಿತ್ತು. ಅಡ್ಮಿನ್ ಮ್ಯಾನೇಜರ್ ಅವರು. ಎಣ್ಣೆಯ ಬೆಲೆ ಕುಸಿದು ಎಲ್ಲ ಕಂಪೆನಿಗಳೂ ಜನ ಕಳಿಸುತ್ತಿದ್ದ ವರ್ಷ. ಮದೀನತ್ ಜಾಯೆದ್‌ನ ಆಫೀಸು ಕುಗ್ಗುವುದು ಖಾತ್ರಿಯಾಗಿತ್ತು, ಅಬುಧಾಬಿಯಲ್ಲಿ ಸುಶಾಂತ್ ಮಾಡುತ್ತಿದ್ದಂಥದ್ದೇ ಒಂದೇ ಒಂದು ಡಾಕ್ಯುಮೆಂಟ್ ಕಂಟ್ರೋಲರ್ ಜಾಗ ಖಾಲಿಯಿತ್ತು. ಆ ಜಾಗ ಸಿಕ್ಕಿದರೆ ಸುಶಾಂತ್ ದಿನಾ ಸಂಜೆ ಮನೆಗೆ ಹೋಗುವ ಗಂಡಸಾಗುತ್ತಾನೆ. ಸಿಗದಿದ್ದರೆ ಹೀಗೆಯೇ, ಗುರುವಾರ ಬಸ್ಸು ಹತ್ತಿ, ಶನಿವಾರ ಬಸ್ಸು ಹತ್ತಿ, ಮಗಳಿಗೆ ವಾರಕ್ಕೊಮ್ಮೆ ಬರುವ ಅಂಕಲ್ಲು. ಹೋದ ತಿಂಗಳು ಅವಳು ಅವನ ಚಪ್ಪಲಿಯನ್ನು ಬಾಗಿಲ ಹೊರಗಿಟ್ಟು "ಗೆಸ್ಟ್ಸ್ ಕೀಪ್ ಇಟ್ ಔಟ್‌ಸೈಡ್" ಅಂದಿದ್ದಳು. ದೀಪ್ತಿ ನಕ್ಕಳು. ಅವನೂ ನಕ್ಕ. ರಾತ್ರಿ ಇಬ್ಬರೂ ಆ ವಿಷಯ ಎತ್ತಲಿಲ್ಲ.

ಬುಧವಾರ ಗುಣಪಾಲರು ಅವನನ್ನು ಕ್ಯಾಬಿನ್ನಿಗೆ "ಬಲೆ, ಬಲೆ" ಅಂತ ತುಳುವಿನಲ್ಲಿ ಬಾಯ್ತುಂಬ ಕರೆದಿದ್ದರು. ತುಳುವಿನಲ್ಲಿ ಬಾ ಅಂತ ಅರ್ಥ. ಕನ್ನಡದಲ್ಲಿ ಏನು ಅರ್ಥವೋ ಅದೇ ಸರಿ ಅಂತ ಅವನಿಗೆ ಕುರ್ಚಿಯಲ್ಲಿ ಕೂತ ಮೇಲೆ ಅನ್ನಿಸಿತು. "ಸಾಹೇಬರಿಗೆ ನಾನು ಹೇಳಿದ್ದೇನೆ ಸುಶಾಂತಾ. ನಮ್ಮ ಹುಡುಗ ಒಬ್ಬ ಇದ್ದಾನೆ, ಕರ್ಕೇರ, ಮೊಗವೀರ, ಮೀನು ಹಿಡಿಯುವ ಜನ. ನೀರು ಮೂಸಿದರೆ ಸಾಕು, ಮೀನು ಎಲ್ಲುಂಟು ಹೇಳ್ತಾನೆ, ರಕ್ತದಲ್ಲೇ ಉಂಟು ಅಂತ. ಶುಕ್ರವಾರ ನೀನು ಅವರಿಗೆ ನಾಲ್ಕು ಮೀನು ತೋರಿಸು. ಅಬುಧಾಬಿಯದ್ದು ನನಗೆ ಬಿಡು."

"ನನಗೆ ಮೀನಿನ ಸಂಗತಿ ಗೊತ್ತಿಲ್ಲ ಗುಣಪಾಲಣ್ಣ."

"ಹೋದ ನವೆಂಬರಿನಲ್ಲಿ ಕನ್ನಡ ಸಂಘದ ಸ್ಟೇಜಿನಲ್ಲಿ ಎಲ್ಲ ಗೊತ್ತಿತ್ತಲ್ಲ?"

ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ದುಬೈಯ ಅಲ್ ನಹ್ದಾ ಕಡೆಯ ಒಂದು ಶಾಲೆಯ ಸಭಾಂಗಣದಲ್ಲಿ, ಅವನು ಸೊಂಟಕ್ಕೆ ಟವಲು ಬಿಗಿದು, ತಲೆಯ ಮೇಲೆ ಇಲ್ಲದ ಬುಟ್ಟಿ ಹೊತ್ತು, ಮೀನು ಮಾರುವ ಹೆಂಗಸಾಗಿದ್ದ. "ಬಂಗುಡೆ ನೋಡಿ ಅಕ್ಕೆ, ಕಣ್ಣು ನೋಡಿ, ನಿಮ್ಮ ಗಂಡನ ಕಣ್ಣಿಗಿಂತ ಚುರುಕುಂಟು" ಅಂದಾಗ ಮುಂದಿನ ಸಾಲಿನ ಚಿನ್ನದ ಬಳೆಗಳೆಲ್ಲ ಒಟ್ಟಿಗೆ ಕಿಣಿಕಿಣಿ ಅಂದಿದ್ದವು. ಮೊದಲ ಬಹುಮಾನ, ಒಂದು ಇಸ್ತ್ರಿಪೆಟ್ಟಿಗೆ. ಆ ಸ್ವರ, ಆ ಕತ್ತು ಕೊಂಕಿಸುವುದು, ಚೌಕಾಶಿಯ ನಡುವೆ ಮೂಗು ಸೇದುವುದು ಎಲ್ಲವೂ ಅಮ್ಮಣ್ಣಿ ಮಾಮಿಯದು, ಅಪ್ಪನ ಅಕ್ಕ, ಕಾಪು ಪೇಟೆಯಲ್ಲಿ ಬುಟ್ಟಿಯಿಟ್ಟು ಕೂತು ಅವನ ಕಾಲೇಜಿಗೆ ಪುಸ್ತಕ ಕೊಡಿಸಿದವಳು. ಇಡೀ ಮನೆತನದಲ್ಲಿ ಮೀನಿನ ಹತ್ತಿರ ಹೋದದ್ದು ಅವಳೊಬ್ಬಳೇ. ಅಪ್ಪ ಶೀನಪ್ಪ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಿನಲ್ಲಿ ಕಂಡಕ್ಟರು. ದೋಣಿ ದಡದಲ್ಲಿ ನಿಂತದ್ದನ್ನು ಕಂಡರೂ ಅವನಿಗೆ ವಾಕರಿಕೆ. ಆದರೂ ಟಿಕೆಟು ಕೊಡುವಾಗ ಹೆಸರು ಕೇಳಿದವರು ಹೆಸರಿನ ಬಾಲ ಹಿಡಿದು "ಮೀನು ಹೇಗುಂಟು ಈ ಸಲ?" ಅಂತಲೇ ಕೇಳುತ್ತಿದ್ದರು, ಅಪ್ಪ "ಚಿಲ್ಲರೆ ಕೊಡಿ" ಅನ್ನುತ್ತಿದ್ದ. ಹಾಗೆ ಅವನ ಕುಲ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಊರೂರು ಕೂಗಿದ ಕುಲ. ಸ್ಟೇಜಿನಲ್ಲಿ ಅದನ್ನು ಮಾಡಬಹುದಿತ್ತು. ಮಾಡಿದ್ದರೆ ಯಾರು ನಗುತ್ತಿದ್ದರು? ಕರ್ಕೇರ ಬಸ್ಸಾದರೆ ನಗೆಯಿಲ್ಲ, ಮೀನಾದರೆ ನಗೆ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು, ಗೊತ್ತಿದ್ದೇ ಬುಟ್ಟಿ ಹೊತ್ತ. ವಾಪಸು ಬರುವಾಗ ಕಾರಿನಲ್ಲಿ ಎಲ್ಲರೂ ಅವನ ಡೈಲಾಗನ್ನು ಅವನಿಗೇ ಒಪ್ಪಿಸುತ್ತಿದ್ದರು. ದೀಪ್ತಿ ಕಿಟಕಿಯ ಕಡೆ ತಿರುಗಿ, "ಮಾಮಿಗೆ ವಿಡಿಯೋ ಕಳಿಸ್ತೀರಾ?" ಅಂತ ಮಾತ್ರ ಕೇಳಿದ್ದಳು. ಅವನು ಕಳಿಸಿರಲಿಲ್ಲ.

"ಯೆಸ್, ಸೂಶಾಂಟ್?" ಎಂದರು ಅಲೆಕ್ಸಾಂಡರ್. ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡಿದ್ದರು, ಈ ಚಳಿಗೆ ಅದು ಹೆಚ್ಚಾಗಿ ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಅವರ ಹಿಂದೆ ಕಂಪೆನಿಯ ಸ್ಟೋರ್ ಕೀಪರ್ ಫಿಡೆಲಿಸ್, ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆ ಹಿಡಿದು, ಚರ್ಚಿನ ಬೆಳಗಿನ ಪೂಜೆಗೆ ಹೋಗಲಾಗದ ಸಿಟ್ಟಿನಲ್ಲಿ ನಿಂತಿದ್ದ. ಬೆಳಿಗ್ಗೆ ಬಂದಾಗಿನಿಂದ ಸಾಹೇಬರು ತಾವೇ ಆರಿಸಿ ಅದೆಷ್ಟೋ ಮುಚ್ಚಳ ತೆಗೆಸಿದ್ದರು. ಒಂದೊಂದರ ಕೆಳಗೂ ಅದೇ ಕರಿ ನೀರು, ಅದೇ ಮೌನ. ದೂರದಿಂದ ಪಂಪಿನ ಗುರ್ ಸದ್ದು. ಎಲ್ಲಿ ನಿಂತರೂ ಅದೇ ಬಿಳುಪು, ಹಿಂದೆ ತಿರುಗಿದರೆ ನಡೆದುಬಂದ ಹೆಜ್ಜೆಯೂ ಇಲ್ಲ. ಸುಶಾಂತನಿಗೆ ಒಮ್ಮೆಲೇ ತಾನು ಯಾವುದೋ ಖಾಲಿ ಡ್ರಾಯಿಂಗ್ ಹಾಳೆಯ ಮೇಲೆ ಯಾರೋ ಕೊಡವಲು ಮರೆತ ರಬ್ಬರಿನ ಚೂರು ಅನ್ನಿಸಿತು. ಕಾಲ ಕೆಳಗೆ ಪೆಟ್ಟಿಗೆಗಳು ಮೆಲ್ಲಗೆ ತೂಗಿದವು, ಹೊಟ್ಟೆಯೊಳಗೆ ಅಪ್ಪನ ವಾಕರಿಕೆ ಎದ್ದಿತು. ಮೂವರ ಕಣ್ಣು, ಗುಣಪಾಲರದು ಬೆನ್ನಿನಲ್ಲೇ ಇದ್ದರೂ, ಅವನ ಮೂಗಿನ ಮೇಲಿತ್ತು. ಮೂಸು, ಅನ್ನುತ್ತಿದ್ದವು. ನೀರು ಮೂಸು, ಬೇಗ.

ಸರಿ, ಮೂಸಿಯೇ ತೋರಿಸುತ್ತೇನೆ, ಅಂದುಕೊಂಡ. ಹಾಗೆ ಅಂದುಕೊಂಡದ್ದು ತೀರ್ಮಾನವೋ ಸಿಟ್ಟೋ ಬರೀ ಚಟವೋ ಅವನಿಗೇ ತಿಳಿಯಲಿಲ್ಲ. ನಾಟಕದ ಪರದೆ ಏಳುವ ಮುಂಚಿನ ಆ ಹಳೆಯ ತುರಿಕೆ ಬೆನ್ನುಹುರಿಯಲ್ಲಿ ಓಡಿತು. ಬೂಟು ಬಿಚ್ಚಿದ. ಪ್ಯಾಂಟಿನ ಕಾಲು ಮಡಚಿದ. ಒಂದು ಮುಚ್ಚಳ ತೆಗೆಸಿ, ಮಂಡಿಯೂರಿ, ಬೆರಳು ಅದ್ದಿ, ನಾಲಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ಬಹಳ ಹೊತ್ತು ತಲೆಯಾಡಿಸಿದ. ಬೇಡ ಎಂಬಂತೆ ಕೈ ಬೀಸಿದ. ಇನ್ನೊಂದು ಕಡೆ ಹೋಗಿ ಪ್ಲಾಸ್ಟಿಕ್ಕಿಗೆ ಕಿವಿ ಹಚ್ಚಿದ. ಅಲೆಕ್ಸಾಂಡರ್ ಉಸಿರು ಹಿಡಿದು ಹಿಂದೆಯೇ ಬಂದರು. ಆಮೇಲೆ ಅವನು ಎದ್ದುನಿಂತು, ಎರಡು ಕೈ ಚಾಚಿ, ಹೊಟ್ಟೆಯ ಆಳದಿಂದ ಮೂಗಿನ ದಾರಿಯಲ್ಲಿ ಒಂದು ಎಳೆದ ಸ್ವರ ತೆಗೆದ.

"ಓ... ಉದ್ಯಾವರಾ... ಕಟಪಾಡೀ... ಪಾಂಗಾಳಾ... ಕಾಪೂ..."

ಗುಣಪಾಲರ ಬೆನ್ನು ನೆಟ್ಟಗಾಯಿತು.

"ಉಚ್ಚಿಲಾ, ಎರ್ಮಾಳಾ, ಪಡುಬಿದ್ರೀ..." ಸ್ವರ ಏರಿತು, ನಡುಗಿತು, ದೈವ ಮೈಮೇಲೆ ಬಂದ ಪಾತ್ರಿ ನಡುಗುವ ಹಾಗೆ. "ಹೆಜಮಾಡೀ... ಮೂಲ್ಕೀ... ಇಳಿಯುವವರು ಇಳಿಯೀ... ಹಳೆಯಂಗಡೀ..."

ಫಿಡೆಲಿಸ್ ಕೊಕ್ಕೆ ಕೆಳಗಿಟ್ಟು ಕೆಮ್ಮತೊಡಗಿದ. ಕೆಮ್ಮು ನಿಲ್ಲಲಿಲ್ಲ, ಭುಜ ಕುಲುಕುತ್ತಿತ್ತು, ಅವನು ಮಂಜಿನೊಳಗೆ ನಾಲ್ಕು ಹೆಜ್ಜೆ ಹೋಗಿ ಅಲ್ಲೂ ಕೆಮ್ಮಿದ. ಅಲೆಕ್ಸಾಂಡರ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಇಗರ್ಜಿಯಲ್ಲಿ ನಿಂತ ಹಾಗೆ ನಿಂತಿದ್ದರು. ಸುಶಾಂತನಿಗೆ ಒಂದು ಕ್ಷಣ ನಾಚಿಕೆಯಾಯಿತು, ಮರುಕ್ಷಣ ಖುಷಿಯಾಯಿತು, ಆ ಖುಷಿಯ ಮೇಲೆ ಮತ್ತೆ ನಾಚಿಕೆ. ಆದರೂ ಬಸ್ಸು ನಿಲ್ಲಲಿಲ್ಲ, ಮುಕ್ಕ ಸುರತ್ಕಲ್ಲು ಬೈಕಂಪಾಡಿ ಪಣಂಬೂರು ಅಂತ ಓಡಿ ಕೊಟ್ಟಾರದ ಇಳಿಜಾರಿನಲ್ಲಿ ಬ್ರೇಕು ಹಾಕಿತು. ಎದುರಿಗಿದ್ದ ಮುಚ್ಚಳಕ್ಕೆ ಬೆರಳು ತೋರಿಸಿದ. ಎದುರಿಗಿತ್ತು ಅಷ್ಟೇ.

ಅಲೆಕ್ಸಾಂಡರ್ ತಮ್ಮ ಪುಟ್ಟ ಕೋಲಿನ ದಾರ ಇಳಿಬಿಟ್ಟರು. ಸಿಗುವುದಿಲ್ಲ, ಅಂದುಕೊಂಡ ಸುಶಾಂತ್. ಸಿಗದೆ ಇದ್ದಾಗ ಏನು ಹೇಳಬೇಕೆಂದೂ ಅವನು ಯೋಚಿಸಿಟ್ಟಿದ್ದ: ಹೊಳೆ ಬೇರೆ, ಕಡಲು ಬೇರೆ, ಈ ನೀರು ನನ್ನ ಮಾತು ಕೇಳುವುದಿಲ್ಲ ಸರ್. ನಕ್ಕು ಎಲ್ಲರೂ ಚಹಾ ಕುಡಿಯಬಹುದಿತ್ತು. ಆದರೆ ಕೋಲಿನ ತುದಿ ಒಮ್ಮೆ ಬಗ್ಗಿತು. ಇನ್ನೊಮ್ಮೆ ಬಗ್ಗಿತು. ಮುಚ್ಚಳದ ತೂತಿನಿಂದ ಅಂಗೈಯಗಲದ ಬೂದಿಬಣ್ಣದ ಜಿಲೇಬಿ ಪಟಪಟ ಬಡಿಯುತ್ತ ಹೊರಗೆ ಬಂದು ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬಿದ್ದಿತು. ಸಾಹೇಬರು ಮತ್ತೆ ಇಳಿಬಿಟ್ಟರು, ಮತ್ತೆ ಬಂತು. ಮತ್ತೆ. ಅವರ ಕಥೆಯಲ್ಲಿದ್ದ ಹಾಗೆಯೇ ಇಡೀ ಬಳಗ ಕೆಳಗಿತ್ತು. ಅಲೆಕ್ಸಾಂಡರ್ ಎದ್ದು ಬಂದು ಅವನನ್ನು ತಬ್ಬಿಕೊಂಡರು. ಅವರ ಎದೆ ಡಬಡಬ ಹೊಡೆದುಕೊಳ್ಳುವುದು ಇವನ ಅಂಗಿಗೆ ತಿಳಿಯುತ್ತಿತ್ತು. ಆ ಮುದುಕನ ಸಂತೋಷದಲ್ಲಿ ಒಂದು ಹನಿ ಮೋಸವಿರಲಿಲ್ಲ. ಇದ್ದ ಮೋಸವೆಲ್ಲ ತನ್ನದೇ, ಮತ್ತು ಅದು ಕೆಲಸ ಮಾಡಿಬಿಟ್ಟಿತ್ತು.

ಗುಣಪಾಲರು ಬೆನ್ನು ಹಾಕಿಕೊಂಡೇ ಹಿಮ್ಮುಖ ನಡೆದು ಪಕ್ಕಕ್ಕೆ ಬಂದರು. "ಪಣಂಬೂರು ಆದ ಮೇಲೆ ಕೂಳೂರು ಬಿಟ್ಟೆ ನೀನು," ಎಂದರು ಮೆಲ್ಲಗೆ.

"ಎಕ್ಸ್‌ಪ್ರೆಸ್ ಅಣ್ಣ. ಅಲ್ಲಿ ನಿಲ್ಲಿಸುವುದಿಲ್ಲ."

"ನನ್ನನ್ನು ಎಂತ ಅಂತ ತಿಳ್ಕೊಂಡಿದ್ದಿ?"

"ನೀವೇ ಹೇಳಿದ್ದಲ್ವಾ, ರಕ್ತದಲ್ಲುಂಟು ಅಂತ. ಇದ್ದದ್ದು ಇದೇ."

ಅದು ಬರೀ ಬಸ್ಸಿನ ಕೂಗು ಅಂತ ಗುಣಪಾಲರು ಸಾಹೇಬರ ಎದುರು ಹೇಳುವ ಹಾಗಿರಲಿಲ್ಲ. ಕರ್ಕೇರನನ್ನು ಒಪ್ಪಿಸಿದ್ದು ಅವರೇ.

ಪಂಪಿನ ಶೆಡ್ಡಿನ ಹತ್ತಿರ ಫಿಡೆಲಿಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಅಲೆಕ್ಸಾಂಡರ್ ಕಾಗದದ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ತಾನು ಈ ದೇಶಕ್ಕೆ ಬಂದ ಮೇಲೆ ಇದು ಮೊದಲನೆಯ ಒಳ್ಳೆಯ ದಿನ ಅಂದರು. ಮಾರ್ಚಿನಲ್ಲಿ ಊರಿನಿಂದ ತನ್ನ ಅಣ್ಣ ಬರುತ್ತಾನೆ, ಅವನಿಗೂ ತೋರಿಸಬೇಕು. ಅಲ್ಲಿಯವರೆಗೆ ಪ್ರತಿ ಶುಕ್ರವಾರ ಇಲ್ಲಿ. "ಗುಣಾ, ಈ ಹುಡುಗನನ್ನು ನಾವು ಅಬುಧಾಬಿಗೆ ಕಳಿಸುವುದು ಬೇಡ. ಇವನು ಇಲ್ಲೇ ಇರಬೇಕು. ಇಂಥವರನ್ನು ಫೈಲುಗಳ ಮಧ್ಯೆ ಹಾಳು ಮಾಡಬಾರದು."

"ಆಗಬಹುದು ಸರ್," ಎಂದರು ಗುಣಪಾಲರು. ನಗೆಯ ಬಿಲ್ಲು ಬಂದಿತ್ತು. ಅವರು ಈಗ ಕೆರೆಯ ಕಡೆಗೇ ಮುಖ ಮಾಡಿ ಕೂತಿದ್ದರು.

ಚಹಾ ನಾಲಗೆ ಸುಟ್ಟಿತು. ಸುಶಾಂತ್ ಅಲ್ಲೇ, ಆ ಕ್ಷಣವೇ, ತಾನು ಮಾಡಿದ್ದು ತಮಾಷೆ ಅಂತ ಇಂಗ್ಲಿಷಿನಲ್ಲಿ ಹೇಳಿದ. ತನಗೆ ಮೀನು ಗೊತ್ತಿಲ್ಲ. ತನ್ನಪ್ಪನಿಗೂ ಗೊತ್ತಿರಲಿಲ್ಲ. ಅದು ಮಂತ್ರವಲ್ಲ, ಬಸ್ ಸ್ಟಾಪುಗಳು. ಅಲೆಕ್ಸಾಂಡರ್ ಅವನನ್ನೇ ನೋಡಿದರು, ಆಮೇಲೆ ಗುಣಪಾಲರನ್ನು ನೋಡಿದರು. ಗುಣಪಾಲರು, "ಬಹಳ ಸಂಕೋಚದ ಜನ ಸರ್, ವಿದ್ಯೆ ಹೊರಗೆ ಬಿಟ್ಟುಕೊಡುವುದಿಲ್ಲ," ಎಂದರು. ಸಾಹೇಬರ ಮುಖ ಅರಳಿತು. ನಮ್ಮ ಊರಿನ ಹಳಬರೂ ಹೀಗೆಯೇ, ಕೇಳಿದರೆ ಲಕ್ಕು ಅನ್ನುತ್ತಾರೆ, ಅಂದರು. ಬಾ, ಇನ್ನೊಂದು ಮುಚ್ಚಳ.

ಹಾಗಾದರೆ ಸೋತು ತೋರಿಸುವುದೊಂದೇ ದಾರಿ. ಈ ಸಲ ಅವನು ಮೂಸಲಿಲ್ಲ, ಹಾಡಲಿಲ್ಲ. ಪಂಪಿನ ಪಕ್ಕದಲ್ಲೇ ಇದ್ದ, ಬೆಳಗಿನಿಂದ ಎಲ್ಲರೂ ಬೂಟು ಕುಟ್ಟಿಕೊಂಡು ದಾಟಿದ ಮುಚ್ಚಳಕ್ಕೆ ಹೋಗಿ, ಅದರ ಮೇಲೆ ತಾನೂ ಹಿಮ್ಮಡಿಯಿಂದ ಧಡಧಡ ಕುಟ್ಟಿ, ಇಂಥ ಗದ್ದಲದಲ್ಲಿ ಯಾವ ಜೀವವೂ ಸುಳಿಯದು ಅನ್ನುವಷ್ಟು ಕುಟ್ಟಿ, ಫಿಡೆಲಿಸನಿಗೆ ತೆಗೆ ಅಂದ. ಕುಟ್ಟುತ್ತಿರುವಾಗ ಅವನಿಗೆ ತಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಅಂತ ಹೊಳೆದು ಮೈ ಜುಮ್ಮೆಂದಿತು. ಕೆಲಸಕ್ಕಾಗಿ, ವೀಸಾಕ್ಕಾಗಿ, ಹೆಂಡತಿಯ ಹೆರಿಗೆಗಾಗಿ ಎಷ್ಟೋ ಸಲ ಏನಾದರೂ ಸಿಗಲಿ ಅಂತ ಕೈ ಮುಗಿದಿದ್ದ. ಏನೂ ಸಿಗದಿರಲಿ ಅಂತ ಕೈ ಮುಗಿಯುತ್ತಿರುವುದು ಇದೇ ಮೊದಲು. ದಾರ ಇಳಿಯಿತು. ಅಲೆಕ್ಸಾಂಡರ್ ಕೋಲನ್ನು ಅವನ ಕೈಗೇ ಕೊಟ್ಟಿದ್ದರು. ಹಗುರ, ಮಕ್ಕಳ ಆಟಿಕೆಯ ಹಾಗೆ. ನೀರಿನಲ್ಲಿ ಅವನ ಮುಖ ಕಾಣಲಿಲ್ಲ, ಹಾಳೆಯ ಕಪ್ಪು ಮಾತ್ರ. ಎಷ್ಟು ಹೊತ್ತಾಯಿತೋ. ಮಂಜು ಮೇಲೆದ್ದು ಬಿಳುಪಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕತೊಡಗಿತು. ಆಮೇಲೆ ದಾರದ ಆ ತುದಿಯಿಂದ ಯಾರೋ ಅವನ ಕೈಯನ್ನು ಹಿಡಿದು ಎಳೆದರು.

ಅದು ಬೇರೆ ಯಾವುದರ ಹಾಗೂ ಇರಲಿಲ್ಲ. ಜೀವ ಇನ್ನೊಂದು ಜೀವವನ್ನು ಹಾಗೆ ಎಳೆಯುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುಂಗೈಯಿಂದ ಭುಜದವರೆಗೆ ಏನೋ ಓಡಿತು, ಅವನಿಗೇ ಗೊತ್ತಿಲ್ಲದೆ ಬಾಯಿಂದ ಒಂದು ಹ್ಹ ಹೊರಬಿದ್ದಿತು, ಮೀನು ಮೇಲೆ ಬಂತು, ಮೊದಲಿನವಕ್ಕಿಂತ ದೊಡ್ಡದು. ಅಲೆಕ್ಸಾಂಡರ್ ಚಪ್ಪಾಳೆ ತಟ್ಟಿದರು. ಅವನಿಗೆ ಇಷ್ಟವಾಗಿತ್ತು. ಅದೇ ಎಲ್ಲಕ್ಕಿಂತ ದೊಡ್ಡ ಅವಮಾನ ಅನ್ನಿಸಿತು ಮೊದಲು: ಇಷ್ಟು ವರ್ಷ ಇಲ್ಲ ಇಲ್ಲ ಅಂದು, ಕೊನೆಗೆ ಕೈಗೆ ಇಷ್ಟವಾಗಿಬಿಡುವುದು. ಆದರೆ ಮೀನು ಪಟಪಟ ಬಡಿಯುವುದನ್ನು ನೋಡುತ್ತ ನೋಡುತ್ತ ಅವನಿಗೆ ಬೇರೆಯೇ ಅನ್ನಿಸತೊಡಗಿತು. ಇಷ್ಟವಾದರೆ ಆಗಲಿ. ಅದು ಈ ಕೈಯ ಇಷ್ಟ. ಬೆಂಗಳೂರಿನ ಬ್ಯಾಂಕಿನವನ ಕೈಗೂ ಆಗಬಹುದು, ಕೆನಡಾದವನ ಕೈಗೆ ಆಗಿದೆ. ಯಾರೂ ಆ ಸಾಹೇಬನ ರಕ್ತ ಕೇಳಲಿಲ್ಲ. ಅವನು ಮೀನನ್ನು ಎರಡು ಕೈಯಲ್ಲಿ ಹಿಡಿದು, ಗಾಳ ಬಿಡಿಸಲು ಬಾರದೆ ಬೆರಳು ಚುಚ್ಚಿಕೊಂಡು, ಹೇಗೋ ಬಿಡಿಸಿ, ತೂತಿನೊಳಗೆ ಬಿಟ್ಟ. ಮುಚ್ಚಳ ಎಳೆದು ಮುಚ್ಚಿದ. ಕೋಲನ್ನು ಅದರ ಮೇಲೆ ಅಡ್ಡ ಇಟ್ಟ.

"ಸರ್, ಅಬುಧಾಬಿಯ ಜಾಗ ನನಗೆ ಕೊಡುತ್ತೀರೋ ಇಲ್ಲವೋ?"

ಹಾಗೆ ಯಾರೂ ಕೇಳುವುದಿಲ್ಲ. ಕೇಳುವ ರೀತಿಗಳಿವೆ: ಮೇಲ್ ಇದೆ, ಗುಣಪಾಲಣ್ಣ ಇದ್ದಾರೆ, ಕ್ರಿಸ್‌ಮಸ್ ಕೇಕಿದೆ. ಅಲೆಕ್ಸಾಂಡರ್ ಕಣ್ಣು ಪಿಳುಕಿಸಿದರು. ಮಾರ್ಚ್ ಆಗಲಿ, ಆಮೇಲೆ ಮಾತಾಡೋಣ, ಅಂದರು.

"ಅಂದರೆ ಇಲ್ಲ. ನನ್ನ ಹೆಂಡತಿ, ಮಗು ಖಲೀಫಾ ಸಿಟಿಯಲ್ಲಿದ್ದಾರೆ ಸರ್. ಇವತ್ತು ನನಗೆ ರಜೆ. ನಾನು ಹೊರಟೆ."

"ಏಯ್, ಎಲ್ಲಿಗೆ?" ಎಂದರು ಗುಣಪಾಲರು ತುಳುವಿಗೆ ಇಳಿದು, ಆಮೇಲೆ ಕನ್ನಡಕ್ಕೆ ಹತ್ತಿ. "ಸಾಹೇಬರು ಇಲ್ಲಿ ಕೂತಿದ್ದಾರೆ. ಹೀಗೆ ಹೋದರೆ ಭಾನುವಾರ ಆಫೀಸಿಗೆ ಬರುವುದು ಬೇಡ."

"ಬರ್ತೇನೆ ಅಣ್ಣ. ಬಿಟ್ಟುಹೋಗುವವ ನಾನಲ್ಲ. ಕಳಿಸುವುದಾದರೆ ನೀವೇ ಕಳಿಸಿ. ಆದರೆ ಲೆಟರಿನಲ್ಲಿ ಕಾರಣ ಸರಿಯಾಗಿ ಬರೀಬೇಕು, ಶುಕ್ರವಾರ ಮೀನು ಹಿಡಿಯಲಿಲ್ಲ ಅಂತ. ನಂಬರು ಹಾಕಿ ಫೈಲು ಮಾಡುವವ ನಾನೇ ಅಲ್ವಾ, ಎಷ್ಟು ಕಾಪಿ ಬೇಕು ಹೇಳಿ."

"ಜಾಸ್ತಿ ಆಯ್ತು ನಿಂದು."

"ಹೌದು," ಅಂದ ಸುಶಾಂತ್. "ಸ್ವಲ್ಪ ತಡವಾಯ್ತು."

ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದ. ದಂಡೆ ಬಹಳ ದೂರ ಅನ್ನಿಸಿತು. ಬೆನ್ನ ಹಿಂದೆ ಸಾಹೇಬರು ಗುಣಪಾಲರನ್ನು ಏನೋ ಕೇಳುತ್ತಿದ್ದರು, ಗುಣಪಾಲರು ಏನೋ ಹೇಳುತ್ತಿದ್ದರು; ಅವರು ಏನು ಹೇಳುತ್ತಿರಬಹುದು, ಯಾವ ಸ್ವರದಲ್ಲಿ, ಎಲ್ಲಿ ತಡವರಿಸಿ, ಎಲ್ಲಿ ನಗೆ ಸೇರಿಸಿ ಅಂತ ಅವನು ತಿರುಗದೆಯೇ ಅಕ್ಷರ ಅಕ್ಷರ ಮಾಡಿ ತೋರಿಸಬಲ್ಲ. ತೋರಿಸಬೇಕು ಅನ್ನಿಸಲಿಲ್ಲ. ಹೆದರಿಕೆ ಇತ್ತು. ದೀಪ್ತಿಯ ಶಾಲೆಯ ಕೆಲಸದ ಸಂಬಳವೊಂದರಲ್ಲೇ ಆ ಹಿಂಬದಿ ಕೋಣೆ ನಡೆಯುವುದಿಲ್ಲ. ವೀಸಾ ಹೋದರೆ ಎಲ್ಲವೂ ಹೋಗುತ್ತದೆ. ಇದೆಲ್ಲ ಗೊತ್ತಿದ್ದೂ ಕಾಲು ನಡೆಯುತ್ತಿತ್ತು, ಪ್ಲಾಸ್ಟಿಕ್ ಮುಗಿದು ಮರಳು ಸಿಕ್ಕಿದಾಗ ಬರಿಗಾಲಿಗೆ ತಣ್ಣಗೆ ಹಿತವಾಯಿತು.

ಹಿಂದಿನಿಂದ ಪಿಕಪ್ಪು ಬಂದು ನಿಂತಿತು. ಫಿಡೆಲಿಸ್ ಬಾಗಿಲು ತಳ್ಳಿದ. "ಹತ್ತು. ಬಸ್ ಸ್ಟ್ಯಾಂಡಿಗೆ ಬಿಡ್ತೇನೆ."

"ನಿಂಗೆ ಬೈತಾರೆ."

"ಫ್ಲಾಸ್ಕಿನಲ್ಲಿ ಚಹಾ ಮುಗಿದಿದೆ, ತರಲಿಕ್ಕೆ ಹೋಗ್ತೇನೆ ಅಂದೆ. ಚೆಲ್ಲಿದ್ದು ನಾನೇ." ಗೇರು ಹಾಕಿದ. ಸ್ವಲ್ಪ ದೂರ ಹೋದ ಮೇಲೆ, ಮುಂದೆ ನೋಡುತ್ತಲೇ ಹೇಳಿದ: "ಸ್ಟೇಜಿನಲ್ಲಿ ನೀನು ಮಾಡ್ತಿದ್ದಿ ಅಲ್ವಾ ಸುಶಾಂತಾ, ನಾನು ನಗ್ತಿದ್ದೆ. ನಮ್ಮ ಮನೆಯವಳು ಕ್ಲಾರಾ ಹೇಳ್ತಿದ್ದಳು, ಆ ಹೆಂಗಸು ನಿಜವಾಗಿ ಯಾರೋ ಇರ್ಬೇಕು, ಪಾಪ ಅಂತ."

"ಇದ್ದಾಳೆ," ಅಂದ ಸುಶಾಂತ್. "ಫೋನ್ ಮಾಡಿದರೆ ಈಗಲೂ ಎತ್ತುತ್ತಾಳೆ."

ಬಸ್ಸು ಹೊರಡುವ ಮೊದಲು ದೀಪ್ತಿಗೆ ಫೋನ್ ಮಾಡಿದ. ಮೊದಲು ಮಗಳು ಎತ್ತಿ "ಅಮ್ಮಾ, ಇಟ್ಸ್ ಡ್ಯಾಡಿ, ಬಟ್ ಇಟ್ಸ್ ನಾಟ್ ಥರ್ಸ್‌ಡೇ" ಅಂದಳು.

"ಎಂತಾಯ್ತು?" ದೀಪ್ತಿಯ ಸ್ವರ. "ಮೀನು ಸಿಕ್ಕಲಿಲ್ವಾ?"

"ಸಿಕ್ತು. ಅದಕ್ಕೇ ಅಬುಧಾಬಿ ಇಲ್ಲ ಅಂದರು. ನಾನು ಎದ್ದು ಬಂದೆ."

ಅತ್ತ ಕುಕ್ಕರಿನ ಸೀಟಿ ಕೇಳಿತು. ಅವಳು ಅದನ್ನು ಆರಿಸಲು ಹೋಗಲಿಲ್ಲ. "ಜಗಳ ಮಾಡಿದ್ರಾ?"

"ಇಲ್ಲ. ಹೇಳಿದೆ ಅಷ್ಟೆ. ಕೆಲಸ ಹೋದರೂ ಹೋಗಬಹುದು."

ಅವನು ಒಂದು ತಮಾಷೆಯ ಮಾತು ಗಂಟಲವರೆಗೆ ಬಂದದ್ದನ್ನು ಹಾಗೇ ನುಂಗಿದ.

"ಒಳ್ಳೇದಾಯ್ತು ಅಂತ ನಾನು ಹೇಳ್ತೇನೆ ಅಂತ ಎಣಿಸಬೇಡಿ," ಅಂದಳು ದೀಪ್ತಿ. "ನಂಗೆ ಹೆದರಿಕೆ ಆಗ್ತದೆ. ಬನ್ನಿ. ಊಟಕ್ಕೆ ಕಾಯ್ತೇವೆ."

ಬಸ್ಸು ಹೆದ್ದಾರಿ ಹಿಡಿಯಿತು. ಇಬ್ಬದಿಯಲ್ಲೂ ಆ ಹೊಂಡದ ನೀರು ಕುಡಿದು ಬದುಕಿದ ಗಿಡಗಳು ಧೂಳು ಹೊತ್ತು ನಿಂತಿದ್ದವು. ಸುಶಾಂತ್ ಕಿಟಕಿಗೆ ಒರಗಿದ್ದಷ್ಟೆ, ತೊಡೆಯ ಮೇಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ಗುಣಪಾಲ ಹೆಗ್ಡೆ. ಕ್ಷಮಿಸಲೋ ಕಳಿಸಲೋ, ಬರೀ ಮುಂದಿನ ಶುಕ್ರವಾರದ ಏರ್ಪಾಡಿಗೋ. ನಿಂತಿತು. ಮತ್ತೆ ಹೊಡೆದುಕೊಂಡಿತು. ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಪಠಾಣನೊಬ್ಬ ಎದ್ದು, ಪೇಟ ಸರಿಮಾಡಿಕೊಂಡು ಹಿಂದೆ ತಿರುಗಿದ.

"ಭಾಯ್, ಫೋನ್."

"ಹಾಂ ಭಾಯ್," ಅಂದ ಸುಶಾಂತ್, "ಸುನಾಯಿ ದೇ ರಹಾ ಹೈ," ಕೇಳಿಸ್ತಾ ಉಂಟು ಅಂತ.

ಪಠಾಣ ಇನ್ನೂ ಸ್ವಲ್ಪ ಹೊತ್ತು ಅವನನ್ನೂ ಫೋನನ್ನೂ ನೋಡಿ, ಮೀಸೆಯಲ್ಲೇ ನಕ್ಕು, ಮತ್ತೆ ಒರಗಿಕೊಂಡ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಸುಶಾಂತ್ ಅದನ್ನು ಸೈಲೆಂಟಿಗೆ ಹಾಕಲಿಲ್ಲ.